ಏಕಾದಶಿಯ ದಿನ ಕೊಂಡ ಬೇಳೆ

ಹೋದ ತಿಂಗಳು ಒಂದು ಸಂಜೆ ನಮ್ಮ ಮನೆಯ ಮುಂದೆ ಟಾಂಗಾ ನಿಂತಿತು. ಅದರಿಂದ ಮೊದಲು ಇಳಿದದ್ದು ತೊಗರಿಬೇಳೆಯ ಒಂದು ತುಂಬು ಚೀಲ. ಆಮೇಲೆ ಕಡಲೆಬೇಳೆಯ ಅರ್ಧ ಚೀಲ. ಅದರ ಹಿಂದೆ ಹೆಸರುಬೇಳೆಯ ಒಂದು ದೊಡ್ಡ ಗಂಟು. ಎಲ್ಲಕ್ಕೂ ಕೊನೆಗೆ, ಕುಸ್ತಿ ಗೆದ್ದು ಬಂದ ಪೈಲ್ವಾನನ ಹಾಗೆ, ನಾನು.

ಬಾಗಿಲಲ್ಲಿ ನಮ್ಮ ಅವ್ವ ನಿಂತಿದ್ದಳು. ಚೀಲಗಳನ್ನು ನೋಡಿದಳು. ನನ್ನನ್ನು ನೋಡಿದಳು.

“ಏನೋ ಇದು?”

“ಬ್ಯಾಳಿ ಅವ್ವಾ! ಇನ್ನ ಆರು ತಿಂಗಳ ಚಿಂತಿ ಇಲ್ಲ.”

“ನಾಳಿಂದ ದ್ವಿದಳ,” ಎಂದಷ್ಟೇ ಹೇಳಿ ಅವ್ವ ಒಳಗೆ ಹೋದಳು.

ಈ ಅಂಕಣ ಓದುವವರಲ್ಲಿ ಚಾತುರ್ಮಾಸ್ಯದ ಕಾಟವಿಲ್ಲದ ಮನೆಯವರೂ ಇದ್ದೀರಿ. ಪುಣ್ಯವಂತರು. ನಿಮಗಾಗಿ ಎರಡು ಮಾತು. ಈ ನಾಲ್ಕು ತಿಂಗಳು ನಮ್ಮಂಥವರ ಮನೆಯಲ್ಲಿ ತಿಂಗಳಿಗೊಂದು ಪದಾರ್ಥಕ್ಕೆ ರಜೆ. ಮೊದಲ ತಿಂಗಳು ಕಾಯಿಪಲ್ಲೆ ಇಲ್ಲ. ಎರಡನೆಯದು ಮೊಸರಿಲ್ಲ. ಮೂರನೆಯದು ಹಾಲಿಲ್ಲ. ನಾಲ್ಕನೆಯದು ದ್ವಿದಳ, ಅಂದರೆ ಒಡೆದರೆ ಎರಡು ಹೋಳಾಗುವ ಯಾವ ಕಾಳೂ ಇಲ್ಲ. ತೊಗರಿ ಇಲ್ಲ, ಕಡಲೆ ಇಲ್ಲ, ಹೆಸರು ಇಲ್ಲ. ವ್ರತ ಹಿಡಿದವಳು ಅವ್ವ ಒಬ್ಬಳೇ, ನಿಜ. ಆದರೆ ಒಂದೇ ಒಲೆ ಉರಿಯುವ ಮನೆಯಲ್ಲಿ ಒಬ್ಬರ ವ್ರತವೆಂದರೆ ಎಲ್ಲರ ವ್ರತ.

ಇಷ್ಟೆಲ್ಲ ಗೊತ್ತಿದ್ದೂ ಮರೆತದ್ದು ಹೇಗೆ? ನನ್ನ ಹೆಂಡತಿ ಇನ್ನೂ ಕೇಳುತ್ತಿದ್ದಾಳೆ. ಹೇಗೆಂದರೆ, ಅದಕ್ಕೂ ಮುಂಚಿನ ಒಂದು ತಿಂಗಳು ನಾನು ಹಾಲಿಲ್ಲದ ಚಹಾ ಕುಡಿದಿದ್ದೆ. ಮಕ್ಕಳಿಗೆ ಗಣಿತ ಕಲಿಸುವ ಮನುಷ್ಯನಿಗೆ ಹಾಲಿಲ್ಲದ ಚಹಾ ಎಂಥ ಶಿಕ್ಷೆಯೆಂದು ಬಲ್ಲವರೇ ಬಲ್ಲರು. (ಹೋಟೆಲಿಗೆ ಹೋಗಬಹುದಿತ್ತಲ್ಲ ಎನ್ನುತ್ತೀರಾ? ಎರಡು ಸಲ ಹೋಗಿದ್ದೆ. ಅವ್ವನಿಗೆ ಓದಲು ಬರುವುದಿಲ್ಲ ಎಂಬ ಧೈರ್ಯದಿಂದ ಇದನ್ನು ಬರೆದಿದ್ದೇನೆ.) ದಸರೆ ಮುಗಿದು ಏಕಾದಶಿ ಬಂದ ದಿನ ನನ್ನ ತಲೆಯಲ್ಲಿ ಇದ್ದದ್ದು ಒಂದೇ ವಿಚಾರ: ನಾಳೆ ಹಾಲು ಬರುತ್ತದೆ! ಹಾಲು ಒಳಗೆ ಬಂದ ದಿನವೇ ಬೇಳೆ ಹೊರಗೆ ಹೋಗುತ್ತದೆ ಎಂಬುದು ಪೂರಾ ಮರೆತುಹೋಗಿತ್ತು.

ಇನ್ನು ಸಂತೆ ಮಾಡಲು ಧಾರವಾಡ ಬಿಟ್ಟು ಹುಬ್ಬಳ್ಳಿಗೆ ಹೋದದ್ದೇಕೆ?

ದೀಪಾವಳಿ ಪಾಡ್ಯದ ದಿನ ಅಲ್ಲಿಯ ವ್ಯಾಪಾರಿಗಳು ಹೊಸ ಲೆಕ್ಕದ ಪುಸ್ತಕ ಪೂಜೆ ಮಾಡುತ್ತಾರೆ. ಅಷ್ಟರೊಳಗೆ ಹಳೆಯ ಮಾಲು ಖಾಲಿ ಮಾಡುವ ಅವಸರ ಅವರಿಗೆ. ಧಾರವಾಡ ಸ್ಟೇಶನ್ನಿನಲ್ಲಿ ಒಂದು ಹ್ಯಾಂಡ್‌ಬಿಲ್ ಕೈಗೆ ಬಂದಿತ್ತು. ‘ಹಬ್ಬದ ಕಟ್ಟು. ಒಟ್ಟಿಗೆ ಕೊಂಡವರಿಗೆ ರೂಪಾಯಿಗೆ ಮೂರಾಣೆ ಸೋಡಿ.’ ರೂಪಾಯಿಗೆ ಮೂರಾಣೆ ಕಡಿಮೆ! ಮಿತವ್ಯಯದ ಬಗ್ಗೆ ಇದೇ ಅಂಕಣದಲ್ಲಿ ಎಷ್ಟು ಸಲ ಉಪದೇಶ ಮಾಡಿದ್ದೇನೆ? ಈಗ ಮಾಡಿ ತೋರಿಸುವ ಪ್ರಸಂಗ ಬಂದಿತ್ತು.

ಈ ಸಲದ ದೀಪಾವಳಿ ನಮಗೆ ಬರಿಯ ದೀಪಾವಳಿಯಲ್ಲ. ಮಗಳು ಇಂದಿರೆಯ ಮದುವೆಯಾದ ಮೇಲೆ ಇದೇ ಮೊದಲನೆಯದು. ಗದಗಿನಿಂದ ಅಳಿಯಂದಿರು ಬರುವವರಿದ್ದರು. ಮೊದಲ ದೀಪಾವಳಿಗೆ ಅಳಿಯನ ಎಲೆಗೆ ಏನು ಬಡಿಸಿದರು ಎಂಬ ಮಾತು ಬೀಗರ ಮನೆಯಲ್ಲಿ ಮುಂದಿನ ದೀಪಾವಳಿಯವರೆಗೂ ನಡೆಯುತ್ತದೆ. ಆ ಮಾತನ್ನು ಅಡಿಗೆಮನೆಯಲ್ಲಿ ನಿಂತು ಕೇಳಬೇಕಾದವಳು ನನ್ನ ಮಗಳು. ಅದಕ್ಕೆಂದೇ ನನ್ನ ಹೆಂಡತಿ ಐದು ತಿಂಗಳಿಂದ ಹಣ ಕೂಡಿಟ್ಟಿದ್ದಳು. ಆ ಹಣವನ್ನೂ ತಿಂಗಳ ಸಂತೆಯ ಹಣವನ್ನೂ ನನ್ನ ಕೈಗಿಟ್ಟು, ಜೊತೆಗೆ ಒಂದು ಪಟ್ಟಿಯನ್ನೂ ಕೊಟ್ಟಳು. ಸಕ್ಕರೆ, ರವೆ, ತುಪ್ಪ, ಗೋಧಿ, ಏಲಕ್ಕಿ. ಪಟ್ಟಿಯಲ್ಲಿ ಬೇಳೆ ಇರಲಿಲ್ಲ. ಯಾಕಿಲ್ಲ ಎಂದು ನಾನು ಕೇಳಲೂ ಇಲ್ಲ. ಹೆಂಗಸರು ಏನಾದರೂ ಮರೆಯುತ್ತಾರೆ ಎಂದುಕೊಂಡೆ. (ನಗಬೇಡಿ.)

ಓದುಗರೇ, ಒಂದು ಹಿತವಚನ. ಏಕಾದಶಿಯ ದಿನ ಸಂತೆಗೆ ಹೋಗಬೇಡಿ. ಹೊಟ್ಟೆಯಲ್ಲಿ ತುಳಸಿತೀರ್ಥ ಬಿಟ್ಟರೆ ಏನೂ ಇರಲಿಲ್ಲ. ಹುಬ್ಬಳ್ಳಿ ಸ್ಟೇಶನ್ನಿನ ಹೊರಗೆ ಕಾಲಿಟ್ಟರೆ ಬಜಿ ಕರಿಯುವ ವಾಸನೆ. ಹಸಿದ ಮನುಷ್ಯನಿಗೆ ಕಾಳಿನ ರಾಶಿ ರಾಶಿಯಾಗಿ ಕಾಣುವುದಿಲ್ಲ. ತೊಗರಿ ಕಂಡರೆ ಸಾರು ಕಾಣುತ್ತದೆ, ಕಡಲೆ ಕಂಡರೆ ಹೋಳಿಗೆ ಕಾಣುತ್ತದೆ. ಅಂಗಡಿಯ ಶೆಟ್ಟರು ಒಳ್ಳೆಯ ಮನುಷ್ಯರು. ಕೂಡಿಸಿ ನೀರು ಕೊಡಲು ಹೋದರು. ನಾನು ಏಕಾದಶಿ ಎಂದೆ.

“ಬಿಡಿ ಮಾಲು ಇಲ್ರಿ ಮಾಸ್ತರ್ರ. ಮೂರೂ ಕೂಡೇ ಒಯ್ದ್ರ ಸೋಡಿ.”

“ಮೂರೂ ಕಟ್ರಿ.”

ಶೆಟ್ಟರು ನನ್ನ ಹಣೆಯ ಗೋಪಿಚಂದನ ನೋಡಿದರು. ನಮ್ಮಂಥವರ ವ್ರತ ಅವರಿಗೆ ಗೊತ್ತಿತ್ತೋ ಏನೋ, ಕೇಳಿದರು: “ಮನ್ಯಾಗ ಬ್ಯಾಳಿ ಖರ್ಚ ಐತೇನ್ರಿ?”

“ಏನ್ ಕೇಳ್ತೀರಿ ಶೆಟ್ರ! ಬ್ಯಾಳಿ ಇಲ್ಲದ ಊಟಾನ ಇಲ್ಲ ನಮ್ಮಲ್ಲಿ.”

ಪಾಪ, ಅವರು ಕೇಳುವುದನ್ನು ಕೇಳಿದರು. ನಾನು ಹೇಳುವುದನ್ನು ಹೇಳಿದೆ. ಹಮಾಲನಿಗೆ, ರೈಲಿಗೆ, ಟಾಂಗಾಕ್ಕೆ ಕೊಟ್ಟ ಮೇಲೆ ಕಿಸೆಯಲ್ಲಿ ಉಳಿದದ್ದು ಹೆಂಡತಿ ಕೊಟ್ಟ ಪಟ್ಟಿಯೊಂದೇ.

ಅವ್ವ ಒಳಗೆ ಹೋದ ಮೇಲೆ ಹೆಂಡತಿ ಹೊರಗೆ ಬಂದಳು. “ಸಕ್ಕರಿ?” ಎಂದಳು. “ರವಾ? ತುಪ್ಪಾ?” ನಾನು ಕಿಸೆಯಿಂದ ಪಟ್ಟಿ ತೆಗೆದು ಅವಳ ಕೈಗೆ ಕೊಟ್ಟೆ. ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕಡಲೆಬೇಳೆಯ ಚೀಲದ ಬಾಯಿ ಬಿಚ್ಚಿ ಮೊಳಕೈವರೆಗೆ ಕೈ ಹಾಕಿ, ತಳದಿಂದ ಒಂದು ಮುಷ್ಟಿ ತೆಗೆದಳು. ಮುಷ್ಟಿಯಲ್ಲಿ ಬೇಳೆಯ ಜೊತೆ ನುಸಿ ಹರಿದಾಡುತ್ತಿತ್ತು. ನಾನು ಅಂಗಡಿಯಲ್ಲಿ ಮೇಲಿನ ಬೇಳೆಯನ್ನಷ್ಟೇ ನೋಡಿದ್ದೆ, ಅದೂ ಬಹಳ ಪ್ರೀತಿಯಿಂದ.

“ಇದು ಒಂದ ತಿಂಗಳ ತಡಿಯೂದಿಲ್ರೀ,” ಎಂದಳು.

ತಡೆಯುವುದಿಲ್ಲವೆಂದು ನನಗೂ ಕಂಡಿತು. ವ್ರತ ಮುಗಿಯಲು ಒಂದು ತಿಂಗಳು. ದೀಪಾವಳಿಗೆ ಎರಡೂವರೆ ವಾರ. ಪಗಾರ ಬರುವುದು ಹಬ್ಬ ಮುಗಿದ ಮೇಲೆ. ಮನೆಯಲ್ಲಿ ಇರುವುದು ತಿನ್ನಬಾರದ ಬೇಳೆ. ತಿನ್ನುವ ಕಾಲ ಬರುವ ಹೊತ್ತಿಗೆ ಅದು ಹಿಟ್ಟಾಗಿರುತ್ತದೆ. ಅಳಿಯಂದಿರ ಎಲೆಗೆ ಏನು ಬಡಿಸುವುದು? ನನ್ನ ಉಪದೇಶವನ್ನೇ?

ಮಾರನೆಯ ದಿನ ಹಾಲು ಹಾಕಿದ ಚಹಾ ಬಂತು. ನಾನು ತಿಂಗಳಿಡೀ ಕಾದಿದ್ದ ಚಹಾ. ಬಿಸಿ ನೀರು ಕುಡಿದ ಹಾಗಾಯಿತು.

ಓಣಿಯವರಿಗೆ ಮಾರೋಣವೆಂದರೆ ನಮ್ಮ ಓಣಿಯ ಒಂಬತ್ತು ಮನೆಗಳಲ್ಲೂ ದ್ವಿದಳ. ಅಂಗಡಿಗೆ ತಿರುಗಿ ಒಯ್ಯೋಣವೆಂದರೆ ಹ್ಯಾಂಡ್‌ಬಿಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಕೊಟ್ಟ ಮಾಲು ವಾಪಸ್ಸಿಲ್ಲ. ಬಿಸಿಲಿಗೆ ಹಾಕೋಣವೆಂದು ಅಂಗಳದಲ್ಲಿ ಹರವಿದೆ. ಚಿತ್ತಿ ಮಳೆಯ ಮೋಡ ತಲೆಯ ಮೇಲೆಯೇ ಕೂತಿತ್ತು. ಬಿಸಿಲು ಬರಲಿಲ್ಲ, ಗುಬ್ಬಿಗಳು ಬಂದವು. ಅವಕ್ಕೆ ಯಾವ ವ್ರತವೂ ಇರಲಿಲ್ಲ. ಕೈಯಲ್ಲಿ ಬೀಸಣಿಗೆ ಹಿಡಿದು ಗುಬ್ಬಿ ಓಡಿಸುತ್ತ ಕೂತ ಗಣಿತದ ಮಾಸ್ತರನನ್ನು ಹಾದಿಯಲ್ಲಿ ಹೋಗುವ ವಿದ್ಯಾರ್ಥಿಗಳು ನಿಂತು ನಮಸ್ಕರಿಸಿ ಹೋದರು. ದಸರೆಯ ರಜೆಯಲ್ಲಿ ಅವರಿಗೂ ಮನರಂಜನೆ ಬೇಕಲ್ಲ!

ಮೂರು ದಿನ ಹೀಗೆ ಕಳೆಯಿತು. ನಾಲ್ಕನೆಯ ದಿನ ಬೆಳಿಗ್ಗೆ ಹೆಂಡತಿ ಸೀರೆಯ ಸೆರಗು ಸರಿಮಾಡಿಕೊಂಡು ಬಂದು, “ಟಾಂಗಾ ಕರೀರಿ,” ಎಂದಳು.

“ಎಲ್ಲಿಗೆ?”

“ಗಂಗವ್ವನ ಖಾನಾವಳಿಗೆ.”

ಸಪ್ತಾಪುರದ ನಮ್ಮ ಮನೆಯಿಂದ ಎರಡು ಓಣಿ ಆಚೆ ಗಂಗವ್ವನ ಖಾನಾವಳಿ. ಕಾಲೇಜಿನ ನಲವತ್ತು ಹುಡುಗರು ಎರಡು ಹೊತ್ತು ಅಲ್ಲಿ ರೊಟ್ಟಿ ಉಣ್ಣುತ್ತಾರೆ. ನಲವತ್ತು ಹುಡುಗರು, ದಿನಾ ಬೇಳೆ! ಇದು ನನಗೇಕೆ ಹೊಳೆಯಲಿಲ್ಲ? ಗಣಿತ ಕಲಿಸುವವನಿಗೆ?

ಚೀಲಗಳು ಇಳಿದವು. ಗಂಗವ್ವ ಹೊರಗೆ ಬಂದು ನಾಲ್ಕು ಬೇಳೆ ಬಾಯಿಗೆ ಹಾಕಿಕೊಂಡು ಕಡಿದು ನೋಡಿದಳು. ನಾನು ಟಾಂಗಾದ ಹತ್ತಿರವೇ ನಿಂತೆ. ವ್ಯವಹಾರದಲ್ಲಿ ನನ್ನ ಅವಶ್ಯಕತೆ ಇಲ್ಲವೆಂದು ಯಾರೂ ಹೇಳಲಿಲ್ಲ, ಆದರೂ ತಿಳಿಯಿತು.

“ಹಳೇ ಮಾಲು ಐತ್ರಿ ಬಾಯಾರ,” ಎಂದಳು ಗಂಗವ್ವ ನನ್ನ ಹೆಂಡತಿಗೆ.

“ಹಳೇದಾದ್ರ ಬೇಯೂದಿಲ್ಲೇನು? ತೊಗರಿ ನೋಡು, ಒಂದ ಹುಳಾ ಇಲ್ಲ. ಕಡ್ಲಿಗೆ ತಳದಾಗ ಸ್ವಲ್ಪ ನುಸಿ ಆಗ್ಯಾವ. ಮುಚ್ಚಿಟ್ಟು ಮಾರೂದಿಲ್ಲ ನಾ, ಮೊದ್ಲ ಹೇಳ್ತೀನಿ.”

“ಕೇರಿದ್ರ ಹೋಗತಾವ ಬಿಡ್ರಿ. ಕಡ್ಲಿ ನಮ್ಮ ಹುಡುಗೂರು ಎಂಟ ದಿನದಾಗ ಮುಗಸ್ತಾವ. ರೊಕ್ಕ ಎಷ್ಟ ಹೇಳ್ತೀರಿ?”

“ರೊಕ್ಕ ಬ್ಯಾಡ ಗಂಗವ್ವ. ಗೋಧಿ ಅದ ಏನು? ತುಪ್ಪ? ಬೆಲ್ಲ?”

ಗಂಗವ್ವನ ತವರು ಉಪ್ಪಿನಬೆಟಗೇರಿ. ಅವಳ ಅಣ್ಣ ಅಲ್ಲಿಂದ ಚಕ್ಕಡಿಯಲ್ಲಿ ಗೋಧಿ ಕಳಿಸುತ್ತಾನೆ, ಮನೆಯಲ್ಲಿ ಕಾಸಿದ ತುಪ್ಪ ಕಳಿಸುತ್ತಾನೆ. ಇಬ್ಬರು ಹೆಂಗಸರೂ ಕಟ್ಟೆಯ ಮೇಲೆ ಕೂತರು. ಅರ್ಧ ತಾಸು ಮಾತಾಯಿತು. ಮಾತಿನ ನಡುವೆ ಇಂದಿರೆಯ ಮದುವೆ ಬಂತು, ಗಂಗವ್ವನ ಮೊಣಕಾಲ ನೋವು ಬಂತು, ನನ್ನ ಹೆಸರೂ ಒಂದೆರಡು ಸಲ ಬಂತು. (ಆಗ ಇಬ್ಬರೂ ನಕ್ಕರು. ಟಾಂಗಾದವನೂ ನಕ್ಕ.) ಕೊನೆಗೆ ಚೀಲ ತುಂಬ ಗೋಧಿ, ಒಂದು ಗಡಿಗೆ ತುಪ್ಪ, ಎರಡು ಪೆಂಟಿ ಬೆಲ್ಲ, ಜೊತೆಗೆ ಸಕ್ಕರೆ ಟಾಂಗಾ ಹತ್ತಿದವು. ಅಷ್ಟೇ ಅಲ್ಲ. ಒಳ್ಳೆಯ ತೊಗರಿಬೇಳೆಯಲ್ಲಿ ಹತ್ತು ಸೇರು ಬೇರೆ ತೆಗೆದು, ವ್ರತ ಮುಗಿದ ಮೇಲೆ ಬೇಕಾಗುತ್ತದೆಂದು ಹೆಂಡತಿ ತಿರುಗಿ ತಂದಳು. ಹೋಗಿ ಬರುವ ಟಾಂಗಾದ ಬಾಡಿಗೆಯನ್ನೂ ಗಂಗವ್ವನ ತಲೆಗೇ ಕಟ್ಟಿದ್ದಳು.

ತಿರುಗಿ ಬರುವಾಗ ಎದೆಯ ಮೇಲಿನ ಬೀಸುಕಲ್ಲು ಇಳಿಸಿದ ಹಾಗಾಗಿತ್ತು. ಚೀಲಕ್ಕೆ ಒರಗಿ ಕೂತು ನಾಟಕದ ಒಂದು ಹಾಡು ಗುನುಗಬೇಕೆನ್ನಿಸಿತು. ಹೆಂಡತಿಯ ಮುಖ ನೋಡಿ ಗುನುಗಲಿಲ್ಲ.

“ನಾ ಹೇಳಿದ್ದು ಖರೇ ಆತಲ್ಲ,” ಎಂದೆ ಮೆಲ್ಲಗೆ. “ಸೋಡಿಯಿಂದ ಲಾಭಾನ ಆತು.”

ಅವಳು ನನ್ನ ಕಡೆ ತಿರುಗಲಿಲ್ಲ. “ಮನಿಗೆ ಹೋದ ಮ್ಯಾಲೆ ಗೋಧಿ ನೀವs ಹಸನ ಮಾಡ್ರಿ,” ಎಂದಳು.

ಹಸನು ಮಾಡಿದೆ. ಎರಡು ದಿನ ಕಲ್ಲು ಆರಿಸಿದೆ. ಸುಖವಾಗಿತ್ತು.

ದೀಪಾವಳಿ ಬಂತು. ಗದಗಿನಿಂದ ಅಳಿಯಂದಿರು, ಇಂದಿರೆ ಬಂದರು. ಎಣ್ಣೆ ನೀರಾಯಿತು, ಆರತಿಯಾಯಿತು. ಎಲೆ ಹಾಕಿ ಕೂಡಿಸಿದೆವು. ಕಡಲೆಬೇಳೆಯ ಹೋಳಿಗೆ ಇಲ್ಲ, ಕಟ್ಟಿನ ಸಾರಿಲ್ಲ, ಕೋಸಂಬರಿ ಇಲ್ಲ. ಆದರೆ ಸಜ್ಜಕದ ಹೋಳಿಗೆ ಇತ್ತು, ಚಿರೋಟಿ ಇತ್ತು, ಹಾಲು ಸುರಿದ ಶಾವಿಗೆ ಪಾಯಸ ಇತ್ತು, ಕರಿಮೆಣಸಿನ ಘಮಘಮಿಸುವ ಸಾರಿತ್ತು. ಉಪ್ಪಿನಬೆಟಗೇರಿಯ ತುಪ್ಪವನ್ನು ಅವ್ವನೇ ಮಿಳ್ಳಿ ಹಿಡಿದು ಬಡಿಸಿದಳು, ಕೈ ಹಿಡಿತವಿಲ್ಲದೆ.

ಅಳಿಯಂದಿರು ಮಿತಭಾಷಿ. ರೈಲ್ವೆಯಲ್ಲಿ ಕ್ಲಾರ್ಕು. ಐದನೆಯ ಹೋಳಿಗೆಗೆ ಬೇಡವೆನ್ನದೆ, ಎಲೆಗೆ ಅಡ್ಡ ಹಿಡಿದ ಕೈ ಹಿಂದೆ ತೆಗೆದುಕೊಂಡರು. ಆಮೇಲೆ ನನ್ನ ಕಡೆ ನೋಡಿ ಹೇಳಿದರು: “ದ್ವಿದಳದಾಗ ಊಟಾ ಅಂದ್ರ ನಮ್ಮ ಮನ್ಯಾಗ ಹೆಂಗರೆ ಒಂದು ದಿನಾ ನೂಕೂದ್ರಿ ಮಾವಾ. ಇಲ್ಲೆ ಹಬ್ಬ ಅನಿಸ್ತು. ನಮ್ಮ ಅವ್ವಗ ಹೋಗಿ ಹೇಳ್ತೀನಿ.”

ಅವ್ವಗ ಹೋಗಿ ಹೇಳ್ತೀನಿ! ಅಡಿಗೆಮನೆಯ ಬಾಗಿಲ ಹಿಂದೆ ಇಂದಿರೆ ನಿಂತಿದ್ದಳು. ಅವಳು ತಾಯಿಯ ತೋಳು ಹಿಡಿದುಕೊಂಡದ್ದನ್ನು ನಾನು ನೋಡಿದೆ. ನನ್ನ ಕಣ್ಣಲ್ಲಿ ನೀರು ಬಂತು. ಬಂದದ್ದನ್ನು ಬರೆಯಲು ನನಗೇನೂ ನಾಚಿಕೆಯಿಲ್ಲ. ಬೀಗರ ಮಾತಿಗೆ ಹದಿನೆಂಟು ದಿನ ಹೆದರಿದ ಮನುಷ್ಯ ಅಳದೆ ಏನು ಮಾಡಿಯಾನು?

ಆಮೇಲೆ ಕೂತು ವಿಚಾರ ಮಾಡಿದೆ. ಸೋಡಿ ಎಂಬುದು ಎಂಥ ಮಾಯೆ ನೋಡಿ! ರೂಪಾಯಿಗೆ ಮೂರಾಣೆ ಬಿಟ್ಟರು ಎಂದು ಕುಣಿಯುತ್ತ ಬರುತ್ತೇವೆ. ಉಳಿದ ಹದಿಮೂರಾಣೆ ನಾವು ಕೊಟ್ಟದ್ದು ನೆನಪೇ ಇರುವುದಿಲ್ಲ. ಒಟ್ಟಿಗೆ ಕೊಳ್ಳುವುದು ತಪ್ಪಲ್ಲ. ತುಂಬಿದ ಕಣಜ ಯಾರಿಗೆ ಬೇಡ? ಆದರೆ ಏನು ಬೇಕೆಂದು ಅಡಿಗೆಮನೆಯಲ್ಲಿ ತಿಳಿಯುತ್ತದೆ, ಹ್ಯಾಂಡ್‌ಬಿಲ್ಲಿನಲ್ಲಿ ಅಲ್ಲ. ನಾವು ಗಂಡಸರು ದರ ಕೇಳುತ್ತೇವೆ. ಹೆಂಗಸರು ಡಬ್ಬಿಯೊಳಗೆ ನೋಡುತ್ತಾರೆ.

ಇಷ್ಟು ಬುದ್ಧಿ ಬಂದ ಮೇಲೆ, ಪಾಡ್ಯ ಮುಗಿಸಿ, ಖಾಲಿ ತುಪ್ಪದ ಗಡಿಗೆ ಹಿಡಿದು ಗಂಗವ್ವನ ಖಾನಾವಳಿಗೆ ಹೋದೆ. ಗಡಿಗೆ ಕೊಟ್ಟು ಉಪಕಾರ ಸ್ಮರಿಸಿ ಬರೋಣವೆಂದು. ಪಡಸಾಲೆಯಲ್ಲಿ ಗಂಗವ್ವ ಬೇಳೆ ಕೇರುತ್ತಿದ್ದಳು. ಹಿಂದೆ ಗೋಡೆಗೆ ಒರಗಿಸಿ ನಾಲ್ಕು ಚೀಲ ಇಟ್ಟಿದ್ದಳು. ಒಂದು ನನ್ನದು, ಗುರುತು ಸಿಕ್ಕಿತು. ಉಳಿದ ಮೂರರ ಮೇಲೂ ಅದೇ ಹುಬ್ಬಳ್ಳಿ ಅಂಗಡಿಯ ಮುದ್ರೆ.

“ಇವು ಯಾರವು ಗಂಗವ್ವ?”

“ಒಂದು ಕಚೇರಿ ಹೆಡ್‌ಕ್ಲಾರ್ಕ್ ಸಾಹೇಬ್ರದ್ರಿ. ಇನ್ನ ಎರಡು ನಿಮ್ಮ ಓಣ್ಯಾಗಿನವs. ಹೆಸರ ಹೇಳೂದಿಲ್ಲಂತ ಅವರ ಬಾಯಾರಿಗೆ ಮಾತ ಕೊಟ್ಟೇನಿ.” ಮೊರದಿಂದ ನುಸಿ ಹಾರಿಸಿ ಅವಳು ನಕ್ಕಳು. “ವರ್ಷಾ ದಸರಾ ಮುಗೀತಂದ್ರ ಯಾರರೆ ಒಬ್ರು ತರತಾರ್ರಿ ಮಾಸ್ತರ್ರ. ಈ ವರ್ಷ ನಾಕು ಮಂದಿ ಬಂದ್ರಿ. ನಾ ಹುಬ್ಬಳ್ಳಿ ಪ್ಯಾಟಿ ನೋಡಿ ಏಳು ವರ್ಷ ಆತು.”

ರೈಲಿನ ಟಿಕೀಟು ತೆಗೆಸಿದವರು ನಾವು ನಾಲ್ವರು ಓದಿದ ಗಂಡಸರು. ಹಾಗಾದರೆ ವ್ಯಾಪಾರ ಮಾಡಿದವಳು ಯಾರು, ನೀವೇ ಹೇಳಿ?