ಕೈಗವಸಿನಲ್ಲೊಂದು ತೂತು

ಬೆಳಗಿನ ಆರೂವರೆ. ಸಂಶೋಧನಾಲಯದ ಮೂರನೇ ಮಹಡಿಯಲ್ಲಿ ಮೊದಲು ದೀಪ ಹಾಕುವವರು ಎಲ್ಲರ ಬಾಯಲ್ಲೂ 'ಅಕ್ಕ' ಆಗಿರುವ ಪ್ರಯೋಗಾಲಯ ಸಹಾಯಕಿ. ಗಾಜಿನ ಪೆಟ್ಟಿಗೆಯಿಂದ ಹೊರಚಾಚಿದ ಕಪ್ಪು ರಬ್ಬರ್ ಕೈಗವಸುಗಳ ಒಂದೊಂದು ಬೆರಳಿಗೂ ಟಾರ್ಚ್ ಬೆಳಕು ಬಿಟ್ಟು, ಹಿಸುಕಿ, ತೂತಿದೆಯೇ ಎಂದು ನೋಡುತ್ತಾರೆ. ಹತ್ತು ಬೆರಳಿಗೆ ಹತ್ತು ನಿಮಿಷ.

ಪೆಟ್ಟಿಗೆಯೊಳಗೆ ಗಾಳಿಯಿಲ್ಲ, ಆರ್ಗಾನ್ ಅನಿಲವಿದೆ. ಈ ಕೈಗವಸುಗಳಲ್ಲಿ ಕೈ ತೂರಿಸಿಯೇ ಒಳಗಿನ ಕೆಲಸ ಮಾಡಬೇಕು. ಅಲ್ಲಿ ತಯಾರಾಗುವುದು ಕಬ್ಬಿಣದ ಕಣಗಳು. ಎಂಟು ಸಾವಿರ ಕಣ ಸಾಲಾಗಿಟ್ಟರೆ ಒಂದು ಕೂದಲೆಳೆಯ ದಪ್ಪ. ಇಷ್ಟು ಸಣ್ಣದಾದಾಗ ಕಬ್ಬಿಣದ ಕಾಂತಗುಣ ಏನಾಗುತ್ತದೆ ಎಂಬುದೇ ಇಲ್ಲಿನವರ ಹುಡುಕಾಟ. ಗಾಳಿ ಸೋಕಿತೋ, ಕಣದ ಮೈಗೆ ತುಕ್ಕಿನ ಸಿಪ್ಪೆ ಬೆಳೆದು ಕಾಂತಗುಣ ಕುಗ್ಗುತ್ತದೆ.

ಇಲ್ಲೇ ಲಿಫ್ಟ್ ನಡೆಸುತ್ತಿದ್ದ ಗಂಡ ಬೆನ್ನುನೋವಿನಿಂದ ಮನೆ ಹಿಡಿದಾಗ ಅಕ್ಕ ನೆಲ ಒರೆಸಲು ಸೇರಿದರು. ಇಪ್ಪತ್ತೊಂದು ವರ್ಷವಾಯಿತು. ಈಗ ದಿನಕ್ಕೆ ಅರವತ್ತು ಸೀಸೆಗಳನ್ನು ಮೂರು ಮೂರು ಸಲ ತೊಳೆದು, ಕಣಗಳನ್ನು ತೂಗಿ ತುಂಬಿಡುವವರೂ ಅವರೇ. ಹೊಗಳಿದರೆ ಮಾತ್ರ ತಲೆ ತಗ್ಗಿಸುತ್ತಾರೆ. ತಮ್ಮ ಬಗ್ಗೆ ಬರೆಯಲು ಬಂದವರಿಗೆ ಅವರದೊಂದೇ ಷರತ್ತು:

"ನನ್ನ ಬಗ್ಗೆ ಬರಿಯೋದಾದ್ರೆ ಉಂಗುರದ ವಿಷಯಾನೂ ಬರೀರಿ. ಇಲ್ಲಾಂದ್ರೆ ಬೇಡ."

ನಾಲ್ಕು ವರ್ಷದ ಹಿಂದಿನ ಮಾತು. "ಉಂಗುರ ತೆಗೆದೇ ಕೈ ಹಾಕ್ಬೇಕು ಅಂತ ಗೊತ್ತಿತ್ತು. ಬೆರಳು ಊದಿತ್ತು, ಬರ್ಲಿಲ್ಲ. ಒಂದು ಸಲಕ್ಕೆ ಏನಾಗುತ್ತೆ ಅಂದ್ಕೊಂಡೆ." ಕೈಗವಸಿನಲ್ಲಿ ಸಾಸಿವೆಯಷ್ಟು ತೂತು ಬಿತ್ತು. ಅದಕ್ಕೆ ಟೇಪು ಅಂಟಿಸಿ ಸುಮ್ಮನಾದರು. ಆಮ್ಲಜನಕ ಅಳೆಯುವ ಯಂತ್ರ ಆಗ ರಿಪೇರಿಗೆ ಹೋಗಿ ತಿಂಗಳುಗಟ್ಟಲೆ ಬರಲಿಲ್ಲ; ಒಳಗೆ ಗಾಳಿ ನುಸುಳಿದ್ದು ಯಾರಿಗೂ ತಿಳಿಯಲಿಲ್ಲ.

ದಿನವೂ ಅಕ್ಕನ ಜೊತೆ ಕೂತು ಊಟ ಮಾಡುತ್ತಿದ್ದ ಸಂಶೋಧನಾ ವಿದ್ಯಾರ್ಥಿನಿ, ಸೂಕ್ಷ್ಮದರ್ಶಕದಲ್ಲಿ ಕಂಡ ಸಿಪ್ಪೆಯನ್ನು ಕಣದ ಹುಟ್ಟುಗುಣವೆಂದೇ ನಂಬಿ ಎಂಟು ತಿಂಗಳು ದುಡಿದಳು.

"'ಅಕ್ಕಾ, ಹೊಸದೇನೋ ಸಿಕ್ಕಿದೆ' ಅಂತ ಬಂದು ಕೈ ಹಿಡ್ಕೊಂಡ್ಳು. ನನ್ನ ಬಾಯಿಗೆ ಬೀಗ ಬಿದ್ದಿತ್ತು. ಕೆಲಸ ಹೋಗುತ್ತೆ ಅನ್ನೋ ಭಯ ಇತ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಅದಕ್ಕಿಂತ ಹೆಚ್ಚಾಗಿ, ನಂಬಿಕಸ್ಥೆ ಅಂತಿದ್ರಲ್ಲ ಎಲ್ಲರೂ, ಆ ಹೆಸರು ಕಳ್ಕೊಳ್ಳೋಕೆ ಮನಸ್ಸು ಬರ್ಲಿಲ್ಲ."

ಅವಳ ಪ್ರಬಂಧ ಅಚ್ಚಿಗೆ ಕಳಿಸಬೇಕಿದ್ದ ದಿನ ಅಕ್ಕ ಪ್ರೊಫೆಸರ್ ಕೋಣೆಗೆ ಹೋಗಿ ಹೇಳಿಬಿಟ್ಟರು. "ಯಾವಾಗಿಂದ?" ಎಂದಷ್ಟೇ ಕೇಳಿದರು ಅವರು. ಹುಡುಗಿ ಅದನ್ನೂ ಕೇಳಲಿಲ್ಲ. ಮಧ್ಯಾಹ್ನ ಊಟದ ಡಬ್ಬಿ ಎತ್ತಿಕೊಂಡು ಬೇರೆ ಮೇಜಿಗೆ ಹೋದಳು. ಕೆಲಸವೆಲ್ಲ ಮೊದಲಿಂದ ಶುರುವಾಗಿ ಹನ್ನೊಂದು ತಿಂಗಳು ಹಿಡಿಯಿತು. ಹೊಸ ಕಣಗಳ ಕಾಂತಗುಣ ಹಳೆಯವುಗಳ ಎರಡರಷ್ಟಿತ್ತು.

ಅಚ್ಚಾದ ಪ್ರಬಂಧದ ಕೊನೆಯಲ್ಲಿ, ಕೃತಜ್ಞತೆಯ ಸಾಲಿನಲ್ಲಿ ಅಕ್ಕನ ಹೆಸರೂ ಇದೆ. ಯಾರೋ ಆ ಪುಟವನ್ನು ಗೋಡೆಗೆ ಅಂಟಿಸಿದ್ದರು. ಅಕ್ಕ ಮರುದಿನವೇ ಕಿತ್ತು ಮಡಿಚಿ ಒಳಗಿಟ್ಟರು. "ಕದ್ದವನಿಗೆ ಶಾಲು ಹೊದಿಸಿದ ಹಾಗಿತ್ತು. ಇವತ್ತಿಗೂ ಅವಳು ಹೋಗಿ ಕೂತ ಆ ಮೇಜಿನ ಕಡೆ ನೋಡೋಕೆ ಮುಖ ಇಲ್ಲ."

ಆ ಹುಡುಗಿ ಈಗ ಬೇರೊಂದು ಸಂಸ್ಥೆಯಲ್ಲಿ ಅಧ್ಯಾಪಕಿ. ಮೂರು ವರ್ಷ ಮಾತಿಲ್ಲದವಳು ಕಳೆದ ತಿಂಗಳು ಫೋನ್ ಮಾಡಿದ್ದಳು. "ನಮ್ಮಲ್ಲಿಗೂ ಪೆಟ್ಟಿಗೆ ಬಂದಿದೆ ಅಕ್ಕ. ಎರಡು ದಿನ ಬಂದು ನಮ್ಮ ಮಕ್ಕಳಿಗೆ ಕಲಿಸಿಕೊಡ್ತೀರಾ?"

ಏನು ಕಲಿಸುತ್ತೀರಿ ಎಂದರೆ ಅಕ್ಕ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾರೆ.

"ಮಿಕ್ಕಿದ್ದೆಲ್ಲ ಪುಸ್ತಕದಲ್ಲಿದೆ. ತೂತು ಬಿದ್ದ ದಿನವೇ ಬಾಯಿ ಬಿಟ್ಟು ಹೇಳೋದು, ಅಷ್ಟು ಕಲಿಸಿ ಬರ್ತೀನಿ."