ಪಟ್ಟಿಯ ಹನ್ನೆರಡನೆಯ ಹೆಸರು

ನಮ್ಮ ಕಡೆ ಯಾರಾದರೂ ಸಾಲ ತೀರಿಸಲಾಗದೆ ಕೋರ್ಟಿಗೆ ದಿವಾಳಿ ಅರ್ಜಿ ಕೊಟ್ಟರೆ ‘ಐಪಿ ಹಾಕಿದ’ ಎನ್ನುತ್ತಾರೆ. ಆಂಧ್ರದ ಗಡಿ ಹತ್ತಿರ, ಮಾತು ಅಲ್ಲಿಂದಲೇ ಬಂದಿರಬೇಕು. ಹೇಳುವವರ ಮುಖದಲ್ಲಿ ಒಂದು ನಗು ಇರುತ್ತದೆ. ಐಪಿ ಹಾಕಿದವನು ದುಡ್ಡನ್ನೆಲ್ಲ ಎಲ್ಲೋ ಬಚ್ಚಿಟ್ಟು ಊರಿಗೆ ನಾಮ ಹಾಕಿದ ಎಂದೇ ಲೆಕ್ಕ. ನಾನೂ ಹಾಗೆ ನಕ್ಕವನೇ. ನನ್ನ ಸರದಿ ಬಂದಾಗ ಬಚ್ಚಿಡಲು ಏನೂ ಇರಲಿಲ್ಲ.

ಚಿನ್ನದ ಗಣಿ ಮುಚ್ಚಿಹೋದ ಚಾಂಪಿಯನ್ ರೀಫ್ಸ್‌ನಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ಹಳೆಯ ಗಣಿ ಕಾರ್ಮಿಕರ ಪಿಂಚಣಿ ಅರ್ಜಿ, ಮಕ್ಕಳ ಜಾತಿ ಪ್ರಮಾಣಪತ್ರ, ಬಾಡಿಗೆ ಕರಾರು, ಇಷ್ಟರಲ್ಲೇ ಹೊಟ್ಟೆ ತುಂಬುತ್ತಿತ್ತು. ಅದು ಸಾಲದೆಂದು ಫೈನಾನ್ಸಿನವರಿಂದ ಕಂತಿನ ಸಾಲ ತೆಗೆದು ಫ್ಲೆಕ್ಸ್ ಮುದ್ರಿಸುವ ಯಂತ್ರ ತಂದೆ. ಹುಟ್ಟುಹಬ್ಬವೋ ಶ್ರದ್ಧಾಂಜಲಿಯೋ, ಯಾರದೋ ಮುಖವನ್ನು ದೊಡ್ಡದಾಗಿ ಮುದ್ರಿಸಿದರೆ ದುಡ್ಡು ಎಂದುಕೊಂಡೆ. ಎರಡು ವರ್ಷದಲ್ಲಿ ಬಂಗಾರಪೇಟೆಗೆ ನನ್ನದಕ್ಕಿಂತ ದೊಡ್ಡ ಯಂತ್ರಗಳು ಬಂದವು, ಅರ್ಧ ರೇಟಿಗೆ. ಕಂತು ಕಟ್ಟಲು ಇನ್ನೊಂದು ಸಾಲ, ಆ ಸಾಲದ ಬಡ್ಡಿಗೆ ಮತ್ತೊಂದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನನಗೂ ಗೊತ್ತಿತ್ತು. ನಾನು ಹಾಸಿಗೆಯನ್ನೇ ಸಾಲಕ್ಕೆ ತಂದಿದ್ದೆ.

ಊರಿನಲ್ಲಿ ಸುದ್ದಿಯಾಗಬಾರದೆಂದು ಮಾರಿಕುಪ್ಪಂನಿಂದ ಬರುವ ರೈಲು ಹತ್ತಿ ಬಂಗಾರಪೇಟೆಗೆ ಹೋಗಿ ಅಲ್ಲಿಯ ವಕೀಲರೊಬ್ಬರನ್ನು ಹಿಡಿದೆ. ಎಂಥ ಬುದ್ಧಿವಂತ ನಾನು. ಅವರು ಮೊದಲ ದಿನವೇ ಹೇಳಿದರು, ಐಪಿ ಗುಟ್ಟಿನ ವ್ಯವಹಾರವಲ್ಲ. ಸಾಲ ಕೊಟ್ಟ ಪ್ರತಿಯೊಬ್ಬರ ಹೆಸರು, ವಿಳಾಸ ಪಟ್ಟಿಯಲ್ಲಿರಬೇಕು, ಎಲ್ಲರಿಗೂ ಕೋರ್ಟಿನಿಂದ ನೋಟಿಸು ಹೋಗುತ್ತದೆ. ಅರ್ಜಿ ಒಪ್ಪಿತವಾದರೆ ಇದ್ದದ್ದನ್ನು ಮಾರಿ ಪಾಲು ಹಂಚುತ್ತಾರೆ. ಉಡುವ ಬಟ್ಟೆ, ಹಾಸಿಗೆ, ಅಡುಗೆ ಪಾತ್ರೆ, ಕಸುಬಿನ ಸಣ್ಣಪುಟ್ಟ ಸಾಮಾನು ಬಿಡುತ್ತಾರೆ. ಆಮೇಲೆ ನಡತೆ ನೋಡಿ ಎಂದೋ ಒಂದು ದಿನ ಸಾಲದಿಂದ ಬಿಡುಗಡೆ. ಒಬ್ಬರ ಹೆಸರು ಮುಚ್ಚಿಟ್ಟರೂ ತಪ್ಪು, ಒಬ್ಬರಿಗೆ ಮಾತ್ರ ಹಿಂಬಾಗಿಲಿನಿಂದ ಕೊಟ್ಟರೂ ತಪ್ಪು ಎಂದು ಎರಡು ಸಲ ಒತ್ತಿ ಹೇಳಿದರು.

ಹನ್ನೊಂದು ಹೆಸರು ಸಲೀಸಾಗಿ ಬರೆಸಿದೆ. ಹನ್ನೆರಡನೆಯದಕ್ಕೆ ನಾಲಿಗೆ ಏಳಲಿಲ್ಲ.

ಅದು ನಮ್ಮ ಸಾಲುಮನೆಯಲ್ಲಿ ಪಕ್ಕದ ಬಾಗಿಲಿನ ಅಜ್ಜಿಯ ಹೆಸರು. ಬೂದಿಕೋಟೆ ಕಡೆಯ ಹಳ್ಳಿಯಿಂದ ಗಣಿ ಕೆಲಸದವನನ್ನು ಕಟ್ಟಿಕೊಂಡು ಬಂದವರು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಮಂಡಿ ನೋವು ಹಿಡಿದ ಮೇಲೆ ಇದ್ದ ಎರಡು ಹಸು ಮಾರಿ, ಆ ದುಡ್ಡನ್ನು ತಮ್ಮ ಮಣ್ಣಿಗೆಂದು ಎತ್ತಿಟ್ಟಿದ್ದರು. ಸತ್ತ ದಿನದ ಚಟ್ಟದಿಂದ ತಿಥಿಯ ಊಟದವರೆಗೆ ಯಾರ ಕೈಯನ್ನೂ ಕಾಯಬಾರದೆಂಬುದು ಅವರ ಹಟ. ಕಂತು ತಪ್ಪುವ ಒಂದು ತಿಂಗಳು ನಾನು ಹಲ್ಲು ಗಿಂಜಿ ಕೇಳಿದೆ. ಅವರು ಟ್ರಂಕಿನಿಂದ ಬಟ್ಟೆಯ ಗಂಟು ತೆಗೆದು ಕೊಟ್ಟರು. ಪತ್ರವಿಲ್ಲ, ಬಡ್ಡಿಯಿಲ್ಲ. ಮುಚ್ಚಿಟ್ಟರೆ ತಪ್ಪೆಂಬ ವಕೀಲರ ಮಾತಿಗೆ ಹೆದರಿ ಕೊನೆಗೆ ಆ ಹೆಸರನ್ನೂ ಬರೆಸಿದೆ.

ಅಜ್ಜಿಗೆ ಓದು ಬಾರದು. ಬಂದ ಕಾಗದಗಳನ್ನೆಲ್ಲ ನನ್ನ ಹತ್ತಿರವೇ ಓದಿಸುತ್ತಿದ್ದರು. ವಕೀಲರ ಎದುರು ಕೂತಿದ್ದಾಗ ಇದು ನನಗೆ ಹೊಳೆಯಲೇ ಇಲ್ಲ. ಒಂದು ಮಧ್ಯಾಹ್ನ ಅವರು ಕೋಲೂರಿಕೊಂಡು ಬಂದು ಕೋರ್ಟಿನ ಲಕೋಟೆಯನ್ನು ನನ್ನ ಮೇಜಿನ ಮೇಲೆ ಇಟ್ಟಾಗ ಹೊಳೆಯಿತು.

ಬಿಚ್ಚಿದೆ. ಅರ್ಜಿದಾರ ಎಂಬಲ್ಲಿ ನನ್ನ ಹೆಸರು, ಕೆಳಗೆ ಹನ್ನೆರಡನೆಯದಾಗಿ ಅವರ ಹೆಸರು. ತಕರಾರಿದ್ದರೆ ಇಂಥ ದಿನ ಹಾಜರಾಗಿ ಹೇಳಬೇಕು ಎಂದಿತ್ತು. ನನ್ನ ಬಾಯಿಂದ ಬಂದದ್ದೇ ಬೇರೆ. ಇದು ಪಿಂಚಣಿ ಕಚೇರಿಯ ಕಾಗದ, ನೀವು ಏನೂ ಮಾಡಬೇಕಾಗಿಲ್ಲ, ಜೋಪಾನವಾಗಿ ಇಟ್ಟುಕೊಳ್ಳಿ ಎಂದೆ. ಅವರು ಅದನ್ನು ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡು ಹೋದರು. ಸಾಲದಲ್ಲಿ ಮುಳುಗಿದ್ದಕ್ಕೂ ನನಗೆ ಅಷ್ಟು ನಾಚಿಕೆಯಾಗಿರಲಿಲ್ಲ. ಅದಕ್ಕೆ ಯಂತ್ರವನ್ನು ಬಯ್ಯಬಹುದಿತ್ತು, ಬಂಗಾರಪೇಟೆಯವರನ್ನು ಬಯ್ಯಬಹುದಿತ್ತು. ಈ ಸುಳ್ಳು ಮಾತ್ರ ಪೂರ್ತಿ ನನ್ನದೇ.

ಮರುದಿನ ವಕೀಲರಿಗೆ ಫೋನು ಮಾಡಿ, ನೋಟಿಸು ತಲುಪಿಯೂ ಬಾರದವರ ಗತಿ ಏನು ಎಂದು ಯಾರದೋ ವಿಷಯವೆಂಬಂತೆ ಕೇಳಿದೆ. ಬಂದು ತಮ್ಮ ಸಾಲವನ್ನು ರುಜುವಾತು ಮಾಡದವರಿಗೆ ಪಾಲಿಲ್ಲ, ಅದು ಉಳಿದವರಿಗೇ ಹೋಗುತ್ತದೆ ಎಂದರು. ಅಂದರೆ ಅಜ್ಜಿಯ ಚಟ್ಟದ ದುಡ್ಡು ಫೈನಾನ್ಸಿನವರಿಗೆ. ಅಂಗಡಿ ಬಾಗಿಲು ಎಳೆದು ನೇರ ಅವರ ಮನೆಗೆ ಹೋದೆ.

ಅವರು ಹೊಸ್ತಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಆ ಕಾಗದ ಇಸಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದೆ, ನನ್ನ ಹೆಸರು ಬಂದಲ್ಲೂ ನಿಲ್ಲಿಸದೆ. ನಿನ್ನೆ ಓದಿದ್ದು ಸುಳ್ಳು ಎಂದೂ ಹೇಳಿದೆ. ಅವರು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

“ಎಷ್ಟ್ ಬತ್ತದೆ?” ಎಂದರು.

ಕಾಲು ಭಾಗ ಬಂದರೆ ದೊಡ್ಡದು, ಅದಕ್ಕೂ ವರ್ಷಗಳು ಹಿಡಿಯಬಹುದು ಎಂದೆ.

“ಅಷ್ಟೊತ್ಗೆ ನಾನೇ ಓಗಿರ್ತೀನಿ ಕಣಪ್ಪ. ನನ್ ಚಟ್ಟ ಎತ್ತೋರ್ಗೆ ಯಾರ್ ಕೊಡ್ತಾರೆ?”

 

ನಿಮ್ಮ ಪಾಲು ಕೇಳಿ ಒಂದು ಅರ್ಜಿ ಹಾಕಲೇಬೇಕು, ಬೇರೆ ಅಂಗಡಿಯಲ್ಲಿ ಟೈಪ್ ಮಾಡಿಸೋಣ ಎಂದೆ. ತಮ್ಮ ಮಣ್ಣಿನ ದುಡ್ಡಿನ ಸಂಗತಿಯನ್ನು ಬೇರೆಯವರ ಮುಂದೆ ಹೇಳಿಕೊಳ್ಳಲು ಅವರು ಒಪ್ಪಲಿಲ್ಲ. ಹಾಗಾಗಿ ಅವರನ್ನು ಅಂಗಡಿಗೆ ಕರೆತಂದು ಸ್ಟೂಲಿನ ಮೇಲೆ ಕೂರಿಸಿ, ನನ್ನ ಮೇಲಿನ ಅರ್ಜಿಯನ್ನು ನಾನೇ ಟೈಪ್ ಮಾಡಲು ಕೂತೆ. ಹಣ ಕೊಟ್ಟದ್ದಕ್ಕೆ ದಾಖಲೆ ಎಂಬಲ್ಲಿ ಬೆರಳು ನಿಂತಿತು. ಪತ್ರವಿಲ್ಲದ ಸಾಲವನ್ನು ಉಳಿದವರು ಕಟ್ಟುಕತೆ ಎನ್ನಬಹುದು. ಕೊಟ್ಟದ್ದು ಗೊತ್ತಿರುವವನು ನಾನೊಬ್ಬನೇ, ನಾನೇ ಕೋರ್ಟಿನಲ್ಲಿ ನಿಂತು ಹೇಳುತ್ತೇನೆ ಎಂದು ಅವರಿಗೆ ವಿವರಿಸಿದೆ.

ಅಜ್ಜಿ ಕೋಲನ್ನು ಮೇಜಿಗೆ ಒರಗಿಸಿದರು.

“ಅಂಗಾದ್ರೆ ನೀನು ಬದ್ಕಿರ್ಬೇಕು,” ಎಂದರು. “ಈ ಸಾಲ್ದೋರ ಕಾಟಕ್ಕೆ ಏನಾನ ಮಾಡ್ಕಂಡೀಯ. ನನ್ ಕಾಸಿಗೆ ನೀನೊಬ್ನೇ ಸಾಕ್ಸಿ.”

ಆ ತಿಂಗಳುಗಳಲ್ಲಿ ಅಂಥ ಯೋಚನೆ ನನಗೆ ಬಂದೇ ಇರಲಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ಹೆಂಡತಿಗೆ ಕೂಡ ಹೇಳಿರಲಿಲ್ಲ. ಇರ್ತೀನಜ್ಜಿ ಎಂದೆ.  ಸಾಕ್ಷಿ ಎಂಬಲ್ಲಿ ನನ್ನ ಹೆಸರನ್ನು ಟೈಪ್ ಮಾಡಿದೆ.