ಗಿರಣಿಯಕ್ಕ ವೃದ್ಧಾಶ್ರಮ ಸೇರಿದ್ದು

ಹಿಟ್ಟಿನ ಗಿರಣಿ ನಡೆಸುತ್ತಿದ್ದ ಆಕೆಯನ್ನು ಪೇಟೆಯವರೆಲ್ಲ ಗಿರಣಿಯಕ್ಕ ಎನ್ನುತ್ತಿದ್ದರು. ಯಂತ್ರದ ಸದ್ದನ್ನು ಮೀರಿಸಿ ಕೂಗಿ ಕೂಗಿ ಬಲಿತ ಗಂಟಲು. ಆಕೆ ಗುಟ್ಟು ಹೇಳಿದರೂ ಎದುರಿನ ಅಂಗಡಿಯವನು ಉತ್ತರ ಕೊಡುತ್ತಿದ್ದ. ಗಂಡನಿಲ್ಲ, ಮಕ್ಕಳಿಲ್ಲ. ತನ್ನವಳು ಅಂತ ಇದ್ದವಳು ತಂಗಿಯೊಬ್ಬಳೇ.

ಆ ತಂಗಿಗೆ ಲಕ್ವ ಹೊಡೆದು ಮಾತು ನಿಂತಿತು. ಎತ್ತಿ ಮಲಗಿಸುವ ಕಸುವು ಅಕ್ಕನಿಗಿರಲಿಲ್ಲ, ವೃದ್ಧಾಶ್ರಮಕ್ಕೆ ಸೇರಿಸಿದಳು. ನೋಡಲು ಹೋದಾಗಲೆಲ್ಲ ತಂಗಿ ತಲೆ ಬಾಚಿಸಿಕೊಂಡು, ಮಡಿಕೆ ಕೆಡದ ಬಟ್ಟೆಯಲ್ಲಿ ಕೂತಿರುತ್ತಿದ್ದಳು. ಒಂದು ವರ್ಷವೂ ತುಂಬಲಿಲ್ಲ, ಸತ್ತಳು. ಹೆಣದ ಬಟ್ಟೆ ಬದಲಿಸುವಾಗ ಅಕ್ಕ ಕಂಡಳು: ಬೆನ್ನ ತುಂಬ ಕೊಳೆತ ಹುಣ್ಣು, ಎರಡೂ ಮಣಿಕಟ್ಟಿನಲ್ಲಿ ಕಟ್ಟಿದ ಬರೆ.

"ವಯಸ್ಸಾದವರ ಚರ್ಮ ಹಾಗೇನೇ ಅಮ್ಮ," ಅಂದ ಮ್ಯಾನೇಜರ್, ನಗುತ್ತಲೇ. "ಮನೆಗೆ ಹೋಗಿ, ಸ್ವಲ್ಪ ಮಲಗಿ."

ಅವಳಿಗೆ ಅಳು ಬರಲಿಲ್ಲ. ಆ ನಗು ಮಾತ್ರ ಎದೆಯಲ್ಲಿ ಮುಳ್ಳಿನಂತೆ ಮುರಿದು ಕೂತಿತು.

ಹಿರಿಯರ ಕೇಸು ನಡೆಸುವ ವಕೀಲೆಯ ಮುಂದೆ ಹೋಗಿ ಕೂತಳು. ವಕೀಲೆ ಕೇಳಿಸಿಕೊಂಡು ನಿಟ್ಟುಸಿರುಬಿಟ್ಟಳು. "ಕಟ್ಟಿಹಾಕೋದು, ಔಷಧಿ ಕೊಡದೆ ಇರೋದು, ಎಲ್ಲಾ ಅಪರಾಧಾನೇ. ಆದ್ರೆ ದೇಹ ಮಣ್ಣಾಗಿಹೋಗಿದೆ. ಕಣ್ಣಾರೆ ಕಂಡವರು ಬೇಕು. ಒಳಗಿರೋರು, ತಮ್ಮನ್ನ ಬೀದಿಗೆ ಹಾಕ್ತಾರೆ ಅಂತ ಬಾಯಿ ಬಿಡಲ್ಲ. ದೂರು ಕೊಟ್ಟೋರನ್ನ ಹೊರಗೆ ಹಾಕೋ ಹಾಗಿಲ್ಲ ಅಂತ ಕಾನೂನೇ ಇದೆ, ಅವರಿಗೆ ಹೇಳೋರು ಯಾರು?"

"ನಾನು," ಅಂದಳು ಗಿರಣಿಯಕ್ಕ.

ಗಿರಣಿಗೆ ಬೀಗ ಜಡಿದು ಅದೇ ಆಶ್ರಮದ ಬಾಗಿಲಿಗೆ ಹೋದಳು. "ಒಂಟಿಯಾಗಿ ಇರಕ್ಕಾಗ್ತಿಲ್ಲಪ್ಪ. ಗಿರಣಿ ಸದ್ದಿಗೆ ಕಿವೀನೂ ಹೋಗಿದೆ," ಎಂದು ತಲೆ ತಗ್ಗಿಸಿದಳು. ತಂಗಿಯ ಹುಣ್ಣಿನ ಮಾತು ಮರೆತಳೆಂದುಕೊಂಡ ಮ್ಯಾನೇಜರ್, ತಿಂಗಳ ದುಡ್ಡು ಬರುತ್ತದೆಂದು ಖುಷಿಯಾಗಿ ಒಳಗೆ ಕರೆದುಕೊಂಡ. ಕಿವುಡಿ ಎಂದ ಮೇಲೆ ಆಯಾಗಳು ಅವಳೆದುರೇ ಬಾಯಿಗೆ ಬಂದದ್ದು ಮಾತಾಡಿದರು. ನೀರು ಕೇಳಿದವರಿಗೆ ಹಾಸಿಗೆ ಒದ್ದೆಯಾದೀತೆಂದು ನೀರು ಕೊಡುತ್ತಿರಲಿಲ್ಲ. ಗಲಾಟೆ ಮಾಡಿದವರ ಕೈಗಳನ್ನು ಹರಿದ ಬೆಡ್‌ಶೀಟಿನಿಂದ ಮಂಚಕ್ಕೆ ಬಿಗಿದು, ನೆಂಟರು ಬರುವ ಮುಂಚೆ ಬಿಚ್ಚುತ್ತಿದ್ದರು. ಗಿರಣಿಯಕ್ಕ ಎಲ್ಲ ನುಂಗಿಕೊಂಡಳು.

ಪಕ್ಕದ ಮಂಚದಲ್ಲಿ ಹಿಂದೆ ಟೀಚರಾಗಿದ್ದ ಮುದುಕಿ. ತನ್ನ ಲೋಟದ ನೀರನ್ನು ಅವಳ ಬಾಯಿಗೆ ಹಿಡಿದು ಗಿರಣಿಯಕ್ಕ ಪಿಸುಗುಟ್ಟಲು ಕಲಿತಳು.

"ನಿಮ್ಮ ತಂಗೀನ ಕಟ್ಟಿದ್ದು ನಾನೇ ನೋಡಿದ್ದೀನಿ," ಅಂದಳು ಟೀಚರ್. "ಆದ್ರೆ ನನ್ನ ಹೊರಗೆ ಹಾಕಿಬಿಟ್ರೆ?"

"ಹಾಕ್ಲಿ. ಅವನ ಮೇಲೆ ಇನ್ನೊಂದು ಕೇಸು. ಹಾಕ್ಲಿ ಅಂತಾನೇ ನಾನು ಕಾಯ್ತಿರೋದು."

ಟೀಚರ ಅಣ್ಣನ ಮಗಳೆಂದು ಹೇಳಿಕೊಂಡು ನೋಡಲು ಬಂದ ವಕೀಲೆಯ ಮುಂದೆ ಇಬ್ಬರೂ ದೂರಿಗೆ ಸಹಿ ಹಾಕಿದರು. ಮರುವಾರ ಬೆಳಿಗ್ಗೆ ಹೇಳದೆ ಕೇಳದೆ ಅಧಿಕಾರಿಗಳು ಬಂದರು.

"ಇದು ಭೇಟಿಯ ಸಮಯ ಅಲ್ಲ ಸಾರ್," ಮ್ಯಾನೇಜರ್ ಅಡ್ಡ ನಿಂತ. ಒಳಗೆ ಆಯಾಗಳು ಗಂಟು ಬಿಚ್ಚಲು ಓಡಿದರು. ಆಗ ಗಿರಣಿಯಕ್ಕ ಇಷ್ಟು ದಿನ ಅದುಮಿಟ್ಟ ಗಂಟಲನ್ನು ಬಿಟ್ಟಳು: "ಈ ಕಡೆ ಬನ್ನಿ! ಬಿಚ್ಚೋಕೆ ಬಿಡಬೇಡಿ ಅವರನ್ನ!" ಬೀದಿಯವರೂ ಬಂದು ಗೇಟಿಗೆ ಮುಗಿಬಿದ್ದರು. ಕಟ್ಟಿದ ಕೈಗಳನ್ನು ಕಟ್ಟಿದ ಹಾಗೆಯೇ ಅಧಿಕಾರಿಗಳು ಕಂಡರು.

ಜಾಮೀನಿನ ಮೇಲೆ ಬಂದ ಮ್ಯಾನೇಜರ್ ಗಿರಣಿಗೇ ಬಂದು ಕಾಲಿಗೆ ಬಿದ್ದ. "ಹೆಂಡತಿ ಮಕ್ಕಳಿದ್ದಾರೆ ಅಮ್ಮ, ರಾಜಿ ಮಾಡ್ಕೊಳ್ಳಿ."

"ವಯಸ್ಸಾದವರ ಕಿವಿ ಹಾಗೇನೇ ಕಣಪ್ಪ, ಏನೂ ಕೇಳಿಸಲ್ಲ," ಎಂದು ಯಂತ್ರ ಶುರುಮಾಡಿದಳು.

ಪ್ರತಿ ವಿಚಾರಣೆಗೂ ಅವನಿಗೆ ಕಾಣುವ ಹಾಗೆ ಮುಂದಿನ ಬೆಂಚಿನಲ್ಲಿ ಕೂತಳು. ಕೊನೆಗೆ ಆಶ್ರಮದ ಲೈಸೆನ್ಸ್ ರದ್ದಾಯಿತು, ಅವನಿಗೆ ಜೈಲಾಯಿತು. ಪೊಲೀಸರು ಕರೆದೊಯ್ಯುವಾಗ ಅವನ ಮುಖವನ್ನು ಕಣ್ತುಂಬ ನೋಡಿದಳು.

"ಇನ್ನಾದ್ರೂ ಬಿಟ್ಟುಬಿಡಿ ಅಕ್ಕ, ಮನಸ್ಸು ತಣ್ಣಗಾಗ್ಲಿ," ಅಂದಳು ಟೀಚರ್.

"ಇದು ನಿಮ್ಮೆಲ್ಲರ ಕೈ ಕಟ್ಟಿದ್ದಕ್ಕೆ ಆಗಿದ್ದು," ಗಿರಣಿಯಕ್ಕ ವಕೀಲೆಯತ್ತ ತಿರುಗಿದಳು. "ನನ್ನ ತಂಗೀನ ಕೊಂದ ಕೇಸು ಯಾವತ್ತು ಹಾಕೋಣಮ್ಮ? ಈಗ ಸಾಕ್ಷಿ ಇದ್ದಾರಲ್ಲ."